ಬೇಸಿಗೆ ಮನೆಯಲ್ಲಿ ಶರತ್ಕಾಲದ ಏಳು ದಿನ

ಬಾಗಿಲು ತೆಗೆದ ಮೇಲೆ ನಾನು ಮೊದಲು ಹುಡುಕಿದ್ದು ಸಮುದ್ರ ಕಾಣುವ ಕಿಟಕಿಯನ್ನಲ್ಲ, ವಿದ್ಯುತ್ ಮೀಟರನ್ನು. 48,206. ಚೀಟಿಯಲ್ಲಿ ಬರೆದುಕೊಂಡು ಕೆಳಗೆ ದಿನಾಂಕ ಹಾಕಿದೆ. ಮಗಳು ನಕ್ಕಳು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಹೊಂದಿಸಿದವನಿಗೆ ಆರಂಭ ಶಿಲ್ಕು ಬರೆಯದೆ ರಜೆ ಶುರು ಮಾಡಲು ಬರುವುದಿಲ್ಲ. ಈ ಸಲ ಆ ಚಟವೇ ನಮ್ಮನ್ನು ಕಾಯಿತು. ಡೆನ್ಮಾರ್ಕಿನಲ್ಲಿ ಹೀಗೆ ಬಾಡಿಗೆಗೆ ಸಿಗುವ ಬೇಸಿಗೆ ಮನೆಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನ ಲೆಕ್ಕ ಬೇರೆ. ಬಂದಾಗಿನ ಅಂಕಿ, ಹೊರಡುವಾಗಿನ ಅಂಕಿ, ನಡುವಿನದು ನಿಮ್ಮ ತಲೆಗೆ.

ಮಗಳು, ಅಳಿಯ ಇರುವುದು ಆರ್ಹುಸ್‌ನಲ್ಲಿ. ಅಲ್ಲಿನ ಶಾಲೆಗಳಿಗೆ ವರ್ಷದ 42ನೇ ವಾರ, ಅಂದರೆ ಅಕ್ಟೋಬರ್ ನಡುವಿನಲ್ಲಿ, ಶರತ್ಕಾಲದ ರಜೆ. ಹಿಂದೆ ಮಕ್ಕಳು ಹೊಲದಲ್ಲಿ ಆಲೂಗಡ್ಡೆ ಆರಿಸಲು ಹೋಗುತ್ತಿದ್ದ ದಿನಗಳಿವು. ಹಾಗಾಗಿ ಹಳಬರು ಈಗಲೂ ಇದನ್ನು ‘ಕಾರ್ಟೋಫೆಲ್‌ಫೇರಿಯೆ’, ಆಲೂಗಡ್ಡೆ ರಜೆ, ಎನ್ನುತ್ತಾರೆ. ನಾವು ಐದು ಜನ ಜಟ್ಲ್ಯಾಂಡಿನ ಪಶ್ಚಿಮ ಕರಾವಳಿಯ ಬ್ಲೋವನ್‌ಗೆ ಹೋದೆವು. ಶನಿವಾರದಿಂದ ಶನಿವಾರಕ್ಕೆ ಬಾಡಿಗೆ 5,900 ಕ್ರೋನರ್. ಇದೇ ಮನೆಗೆ ಜುಲೈನಲ್ಲಿ ಹೆಚ್ಚು ಕಡಿಮೆ ಎರಡು ಪಟ್ಟು ತೋರಿಸುತ್ತಿತ್ತು.

ಮೊದಲು ದೂರು ಮುಗಿಸಿಬಿಡುತ್ತೇನೆ. ಬಾಡಿಗೆ ಕಂಪನಿಯ ವಿವರದಲ್ಲಿ ‘ಸಮುದ್ರಕ್ಕೆ 300 ಮೀಟರ್’ ಎಂದಿತ್ತು. ಅದು ಕಾಗೆ ಹಾರುವ ಲೆಕ್ಕ. ಮನುಷ್ಯರ ಕಾಲಿಗೆ ಮರಳುದಿಬ್ಬಗಳನ್ನು ಬಳಸಿಕೊಂಡು ಹೋಗುವ ದಾರಿ ಮುಕ್ಕಾಲು ಕಿಲೋಮೀಟರಿಗೆ ಕಡಿಮೆಯಿಲ್ಲ, ಅದರಲ್ಲಿ ಅರ್ಧದಷ್ಟು ದಾರಿ ಕಾಲು ಹೂತುಹೋಗುವ ಮರಳು. ಹಾಸಿಗೆ ಬಟ್ಟೆ, ಟವೆಲ್ ನಾವೇ ಒಯ್ಯಬೇಕು. ಅದು ಅಲ್ಲಿನ ರೂಢಿ, ತಪ್ಪೆನ್ನಲಾರೆ. ಆದರೆ ಕೊಟ್ಟಿಗೆಯಲ್ಲಿಟ್ಟಿದ್ದ ಕಟ್ಟಿಗೆ ಹಸಿಯಾಗಿತ್ತು. ಮೊದಲ ಸಂಜೆ ಒಲೆ ಹಚ್ಚಿ ಮನೆ ತುಂಬಾ ಹೊಗೆ ಮಾಡಿಕೊಂಡೆವು. ಹೊಗೆಯ ಅಲಾರಂ ಕೂಗಿತು. ಅದನ್ನು ನಿಲ್ಲಿಸಲು ಅಳಿಯ ಕುರ್ಚಿ ಹತ್ತಿದ, ನನ್ನಾಕೆ ಕಿಟಕಿ ತೆಗೆದಳು, ಎರಡು ಗಂಟೆ ಹೀಟರಿಗೆ ಕೊಟ್ಟ ಕರೆಂಟು ಗಾಳಿಗೆ ಹೋಯಿತು. ನಾನು ಮೀಟರಿನ ಕಡೆ ನೋಡದೆ ಕುಳಿತೆ.

ಇಷ್ಟೆಲ್ಲ ಹೇಳಿದ ಮೇಲೂ ಆ ಮನೆಯನ್ನು ಹೊಗಳುತ್ತೇನೆ. ಒಂದೇ ಅಂತಸ್ತಿನ ಕಪ್ಪು ಮರದ ಮನೆ; ಸುತ್ತ ಬೇಲಿಯಿಲ್ಲ, ಮರಳುಹುಲ್ಲು ಮತ್ತು ಕಂದಿದ ಹೀದರ್ ಪೊದೆಗಳು ಮಾತ್ರ. ಅಡುಗೆಮನೆಯಲ್ಲಿ ಆರು ಜನಕ್ಕೆ ಸಾಲುವ ಪಾತ್ರೆ, ಚೂಪಾದ ಚಾಕು. ಬಾಡಿಗೆ ಮನೆಯಲ್ಲಿ ಚೂಪಾದ ಚಾಕು ಸಿಕ್ಕಿತೆಂದರೆ ಮಾಲೀಕರೂ ಅಲ್ಲಿ ಉಣ್ಣುತ್ತಾರೆ ಎಂದು ನನ್ನಾಕೆಯ ತೀರ್ಪು. ಅಕ್ಟೋಬರಿನಲ್ಲಿ ಬೆಳಗಾಗುವುದು ಎಂಟರ ಹತ್ತಿರ, ಸಂಜೆ ಆರೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಹಾಗಾಗಿ ನೀವು ದುಡ್ಡು ಕೊಡುವುದು ಸಮುದ್ರಕ್ಕಿಂತ ಹೆಚ್ಚಾಗಿ ಮನೆಯೊಳಗಿನ ಸಂಜೆಗೆ. ಒಲೆ, ದೊಡ್ಡ ಮೇಜು, ಗಾಳಿಗೆ ಅಲುಗದ ಕಿಟಕಿ, ಈ ಮೂರನ್ನು ನೋಡಿ ಮನೆ ಆರಿಸಿಕೊಳ್ಳಿ. ಸೌನಾ, ಅಂದರೆ ಬಿಸಿಗಾಳಿಯ ಬೆವರುಕೋಣೆ, ಇದ್ದರೆ ಸಂತೋಷ, ಆದರೆ ಮೀಟರಿನ ಚಕ್ರಕ್ಕೆ ಅದು ಕೊಡುವ ವೇಗವನ್ನೂ ನೆನಪಿಡಿ.

ಎರಡನೆಯ ದಿನ ರಸ್ತೆ ಬದಿಯಲ್ಲಿ ಒಂದು ಪುಟ್ಟ ಮರದ ಗೂಡು ಕಂಡಿತು. ಆಲೂಗಡ್ಡೆ, ಕಿತ್ತಳೆ ಬಣ್ಣದ ಕುಂಬಳಕಾಯಿ, ಜೇನು, ಚೀಲದಲ್ಲಿ ಒಣಗಿದ ಬರ್ಚ್ ಕಟ್ಟಿಗೆ. ಮಾರುವವರಿಲ್ಲ. ಬೆಲೆ ಬರೆದ ಹಲಗೆ, ಒಂದು ತಗಡಿನ ಡಬ್ಬಿ, ಮೊಬೈಲ್‌ಪೇ ಮೂಲಕ ಹಣ ಕಳಿಸಲು ಒಂದು ನಂಬರ್. ಕ್ಯಾಷ್ ಕೌಂಟರಿನ ಗಾಜಿನ ಹಿಂದೆ ಅರ್ಧ ಆಯುಷ್ಯ ಕಳೆದವನು ನಾನು. ಕಾವಲಿಲ್ಲದ ಆ ಡಬ್ಬಿಯ ಮುಂದೆ ಎಷ್ಟು ಹೊತ್ತು ನಿಂತೆನೆಂದರೆ ಮೊಮ್ಮಗ, “ಅಜ್ಜ, ಅದನ್ನು ಎಣಿಸಬೇಡಿ” ಎಂದು ಕೈ ಎಳೆದ. ಕಟ್ಟಿಗೆಗೆ 50, ಕುಂಬಳಕಾಯಿಗೆ 20 ಕ್ರೋನರ್ ಹಾಕಿದೆವು. ಆ ರಾತ್ರಿ ಹೊಗೆಯಿಲ್ಲದ ಒಲೆ, ಕುಂಬಳಕಾಯಿ ಹುಳಿ. ಸಾರಿನ ಪುಡಿ, ಬೇಳೆ ಮನೆಯಿಂದಲೇ ಒಯ್ದಿದ್ದೆವು. ಸಸ್ಯಾಹಾರಿಗಳಿಗೆ ಹೋಟೆಲಿಗಿಂತ ಇಂಥ ಮನೆ ವಾಸಿ ಎನ್ನಲು ಬೇರೆ ಕಾರಣ ಬೇಡ.

ನೋಡುವ ಜಾಗಗಳಲ್ಲಿ ಟಿರ್ಪಿಟ್ಸ್ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರು 38 ಸೆಂಟಿಮೀಟರ್ ಬಾಯಿಯ ಫಿರಂಗಿಗಳಿಗೆಂದು ಕಟ್ಟಲು ಹೊರಟ, ಮುಗಿಯದೇ ಉಳಿದ ಬಂಕರ್ ಅದು. ಪಕ್ಕದ ಮರಳುದಿಬ್ಬವನ್ನು ಸೀಳಿ ವಾಸ್ತುಶಿಲ್ಪಿ ಬ್ಯಾರ್ಕೆ ಇಂಗೆಲ್ಸ್ ಅವರ ಸಂಸ್ಥೆ ರೂಪಿಸಿದ ಸಂಗ್ರಹಾಲಯ 2017ರಲ್ಲಿ ತೆರೆಯಿತು. ದೂರದಿಂದ ನೋಡಿದರೆ ಕಟ್ಟಡವಿದೆ ಎಂದೇ ಗೊತ್ತಾಗುವುದಿಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ದುಡ್ಡಿಲ್ಲದೆ ನೋಡಲು ಸಿಗುವ ಕಡಲತಡಿಯ ಬಂಕರುಗಳು. ಬ್ರಿಟಿಷ್ ಶಿಲ್ಪಿ ಬಿಲ್ ವುಡ್‌ರೋ 1995ರಲ್ಲಿ ಅವುಗಳಲ್ಲಿ ಕೆಲವಕ್ಕೆ ಕಬ್ಬಿಣದ ತಲೆ, ಬಾಲ ಸೇರಿಸಿ ಹೇಸರಗತ್ತೆಗಳನ್ನಾಗಿ ಮಾಡಿದರು. ಹೇಸರಗತ್ತೆ ಮರಿ ಹಾಕುವುದಿಲ್ಲ; ಬಂಕರುಗಳ ಸಂತತಿಯೂ ಬೆಳೆಯದಿರಲಿ ಎಂಬ ಆಶಯ. ಬಂಕರಿಗೆ ಆ ಪ್ರಾಣಿಯನ್ನೇ ಆರಿಸಿದ್ದು ಯಾಕೆಂದು ಮೊಮ್ಮಗನಿಗೆ ಹೇಳಲು ಹೋಗಿ, ಅರ್ಧದಲ್ಲಿ ಅವನ ಅಮ್ಮನಿಗೆ ಒಪ್ಪಿಸಿದೆ.

ಬ್ಲೋವನ್‌ಶುಕ್ ದೀಪಸ್ತಂಭ 1900ರದು, 39 ಮೀಟರ್ ಎತ್ತರ. ಉಳಿದವರು ಹತ್ತಿದರು, ನನ್ನ ಮೊಣಕಾಲು ಕೆಳಗೇ ಉಳಿಯಿತು. ಲೆಗೊ ಆಟಿಕೆ ಇಟ್ಟಿಗೆಗಳ ಮನರಂಜನಾ ಉದ್ಯಾನ ಲೆಗೊಲ್ಯಾಂಡಿಗೂ ಒಂದು ದಿನ ಹೋಗಿಬಂದರು. ಆ ದಿನ ನಾನು ಮಲಗಿದ್ದೆ. ಒಂದು ಎಚ್ಚರಿಕೆ: ಹತ್ತಿರದ ಒಕ್ಸ್‌ಬೋಲ್‌ನಲ್ಲಿ ಸೇನೆಯ ತರಬೇತಿ ಪ್ರದೇಶವಿದೆ. ಹಗಲಿನಲ್ಲಿ ದೂರದ ಗುಡುಗು ಕೇಳಿಸಿತೆಂದು ಒಣಹಾಕಿದ ಬಟ್ಟೆ ಎತ್ತಬೇಡಿ, ನಾವು ಎತ್ತಿದೆವು. ರಾತ್ರಿಯ ಸದ್ದು ಬೇರೆ. ಅದು ಬೆದೆಗೆ ಬಂದ ಗಂಡು ಕೆಂಪು ಜಿಂಕೆಗಳ ಕೂಗು. ಹಳೆಯ ಲಾರಿಯೊಂದು ಚಳಿಗೆ ಸ್ಟಾರ್ಟ್ ಆಗದೆ ಕೆಮ್ಮಿದ ಹಾಗೆ.

ಬುಧವಾರ ಪಶ್ಚಿಮದಿಂದ ಬಿರುಗಾಳಿ. ಹೊರಗೆ ಹೋಗುವ ಮಾತಿರಲಿಲ್ಲ. ಗಾಳಿಗೆ ಹಾರಿದ ಮರಳು ಗಾಜಿಗೆ ರವೆ ಎರಚಿದಂತೆ ಸದ್ದು ಮಾಡುತ್ತಿತ್ತು. ಗುರುವಾರ ಬೆಳಿಗ್ಗೆ ನೋಡಿದರೆ ದಡದ ತುಂಬ ಜನ, ಎಲ್ಲರೂ ನೆಲ ನೋಡಿಕೊಂಡು ನಡೆಯುತ್ತಿದ್ದಾರೆ. ಬಿರುಗಾಳಿಯ ಮರುದಿನ ಅಲೆಗಳು ಅಂಬರನ್ನು ತಂದು ಹಾಕುತ್ತವೆ. ಸಾವಿರಾರು ಕಲ್ಲುಗಳ ನಡುವೆ ಮರದ ಅಂಟು ಗಟ್ಟಿಯಾದ ಆ ಹಳದಿ ತುಣುಕನ್ನು ಹುಡುಕುವುದು ನಿಧಾನದ ಕೆಲಸ. ಕೊಚ್ಚಿಬಂದ ಕಪ್ಪು ಕಡ್ಡಿ, ಪಾಚಿ ರಾಶಿಬಿದ್ದ ಕಡೆ ಕೆದಕಬೇಕು ಎಂದು ಒಬ್ಬ ಅಜ್ಜಿ ಕೋಲಿನಿಂದ ತೋರಿಸಿದರು. ಮೊಮ್ಮಗ ಹನ್ನೊಂದು ತುಣುಕು ಆರಿಸಿದ. ಮನೆಗೆ ಬಂದು ಲೋಟದ ನೀರಿಗೆ ಉಪ್ಪು ಕರಗುವಷ್ಟೂ ಹಾಕಿ ಒಂದೊಂದಾಗಿ ಬಿಟ್ಟೆವು. ಕಲ್ಲಾದರೆ ಮುಳುಗುತ್ತದೆ, ಅಂಬರಾದರೆ ತೇಲುತ್ತದೆ. ಹತ್ತು ಮುಳುಗಿದವು. ಹನ್ನೊಂದನೆಯದು, ಕಡಲೆಬೇಳೆಯಷ್ಟಿದ್ದದ್ದು, ತಳ ಮುಟ್ಟಿ ನಿಧಾನವಾಗಿ ಮೇಲೆ ಬಂತು. ಆ ಲೋಟವನ್ನು ಹೊರಡುವವರೆಗೆ ಯಾರಿಗೂ ತೊಳೆಯಲು ಅವನು ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮನೆ ಬಿಡಬೇಕು. ಸ್ವಚ್ಛತೆಯನ್ನು ಕಂಪನಿಗೇ ಬಿಟ್ಟರೆ 1,100 ಕ್ರೋನರ್, ನಾವೇ ಮಾಡಿದೆವು. ಕೊನೆಯ ಅಂಕಿ 48,524. 318 ಯೂನಿಟ್, ಮೂರೂವರೆ ಕ್ರೋನರಿನಂತೆ 1,113. ಹತ್ತು ದಿನದ ನಂತರ ಬಂದ ಬಿಲ್ಲಿನಲ್ಲಿ ಅದು ಪೈಸೆ ತಪ್ಪದೆ ಇತ್ತು, ಜೊತೆಗೆ ‘ಓವನ್ ಕೊಳಕು’ ಎಂದು 450 ಸೇರಿಸಿದ್ದರು. ಆ ಓವನ್ನನ್ನು ನಾವು ಹಚ್ಚಿಯೇ ಇರಲಿಲ್ಲ. ಬಂದ ದಿನ ಮೀಟರಿನ ಜೊತೆ ಓವನ್ನಿನ ಒಳಗನ್ನೂ ಫೋಟೋ ಹಿಡಿದಿದ್ದೆ. ಅಳಿಯ ಕಳಿಸಿದ, ನಾಲ್ಕು ದಿನಕ್ಕೆ ಹಣ ವಾಪಸು ಬಂತು. ಕ್ಷಮೆ ಕೇಳಲಿಲ್ಲ, ಆದರೆ ವಾದವನ್ನೂ ಮಾಡಲಿಲ್ಲ.

ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಳೆದದ್ದು ಕಾಗೆಯ ಲೆಕ್ಕಕ್ಕೆ. ಮುಂದಿನ ವರ್ಷದ 42ನೇ ವಾರಕ್ಕೂ ಅದೇ ಮನೆಯನ್ನು ಕಾಯ್ದಿರಿಸಿದ್ದಾಯಿತು. ಕಟ್ಟಿಗೆ ಮಾತ್ರ ದಾರಿಯ ಆ ಗೂಡಿನಿಂದಲೇ ತುಂಬಿಕೊಂಡು ಹೋಗುತ್ತೇವೆ.