ಹಿಂದಲೆಯ ನರಕ್ಕೆ ಚುಚ್ಚುಮದ್ದು: ಅರೆತಲೆನೋವಿನವರಿಗೊಂದು ವಿಮರ್ಶೆ

ಕತ್ತಿನ ಹಿಂಬದಿಯಲ್ಲಿ ಹುಟ್ಟಿ, ಕಿವಿಯ ಹಿಂದಿನಿಂದ ಏರಿ, ಒಂದೇ ಕಣ್ಣಿನ ಮೇಲೆ ಬಂದು ಕೂರುವ ಅರೆತಲೆನೋವಿಗೆ ಹಿಂದಲೆಯ ನರವನ್ನು ಮರಗಟ್ಟಿಸುವ ‘ನರ್ವ್ ಬ್ಲಾಕ್’ ಎಂಬ ಚುಚ್ಚುಮದ್ದನ್ನು ನಮ್ಮ ಊರಿನ ನೋವು ಚಿಕಿತ್ಸಾಲಯಗಳು ಈಗ ನೀಡುತ್ತಿವೆ. ಬೆಂಗಳೂರಿನ ಅಂಥದೊಂದು ಖಾಸಗಿ ಚಿಕಿತ್ಸಾಲಯದಲ್ಲಿ ಇದನ್ನು ಮಾಡಿಸಿಕೊಂಡವಳಾಗಿ ನನ್ನ ತೀರ್ಮಾನವನ್ನು ಮೊದಲೇ ತಿಳಿಸುತ್ತೇನೆ. ಚಿಕಿತ್ಸೆ ಒಳ್ಳೆಯದು, ಆದರೆ ಅದನ್ನು ಶಾಶ್ವತ ಪರಿಹಾರವೆಂದು ಹೇಳಿ ಮಾರುವುದು ಸರಿಯಲ್ಲ.

ಅಲ್ಲಿನ ವೈದ್ಯರ ಬಗ್ಗೆ ನನಗೆ ಗೌರವವಿದೆ. ಸ್ಕ್ಯಾನ್ ಬರೆದುಕೊಡುವ ಮೊದಲು ಅವರು ತಲೆನೋವಿನ ದಿನಚರಿಯನ್ನು ಕೇಳಿದರು. ತಿಂಗಳಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನ್‌ನ ಲಕ್ಷಣಗಳು ಕಂಡು, ಈ ಸ್ಥಿತಿ ಮೂರು ತಿಂಗಳಿಗೂ ಮೀರಿ ಮುಂದುವರಿದರೆ ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನುಂಗಿದ ಮಾತ್ರೆಗಳ ಲೆಕ್ಕವನ್ನೂ ಅವರು ಕೇಳಿದರು. ಕೆಫೀನ್ ಬೆರೆತ ಸಂಯುಕ್ತ ಮಾತ್ರೆಗಳನ್ನು ಅಥವಾ ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮದ್ದುಗಳನ್ನು ತಿಂಗಳಿಗೆ 10 ದಿನ, ಬರಿಯ ಪ್ಯಾರಸಿಟಮಾಲನ್ನು 15 ದಿನ ಮುಟ್ಟುವಷ್ಟು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ, ನೋವು ಕಳೆಯಬೇಕಾದ ಮಾತ್ರೆಯೇ ನೋವನ್ನು ಉಳಿಸಿಕೊಂಡು ಬರಬಹುದು. ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಮಾತ್ರೆ ಸಿಗುವ ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳದ ಚಿಕಿತ್ಸಾಲಯವನ್ನು ನಾನು ನಂಬುವುದಿಲ್ಲ.

ಚುಚ್ಚುಮದ್ದಿನ ಕೆಲಸ ಕೆಲವೇ ನಿಮಿಷಗಳದು. ಹಣೆಯನ್ನು ಮೇಜಿನ ದಿಂಬಿಗೆ ಒತ್ತಿ ಕೂರಿಸಿ, ಹಿಂದಲೆಯ ನಡುವಿನ ಎಲುಬಿನ ಉಬ್ಬಿಗೂ ಕಿವಿಯ ಹಿಂದಿನ ಉಬ್ಬಿಗೂ ನಡುವೆ ಜಾಗ ಗುರುತಿಸಿ, ಪಕ್ಕದಲ್ಲೇ ಹರಿಯುವ ರಕ್ತನಾಳಕ್ಕೆ ಸೂಜಿ ತಾಗದಂತೆ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು, ಲಿಗ್ನೋಕೇನ್‌ನಂಥ ಅರಿವಳಿಕೆ ಮದ್ದನ್ನು ಬಿಡುತ್ತಾರೆ. ಮದ್ದು ಇಳಿಯುವಾಗ ಚುರುಚುರು ಎನ್ನುತ್ತದೆ. ಆಮೇಲೆ ನೆತ್ತಿಯವರೆಗೂ ಮರಗಟ್ಟಿ, ಬಾಚಣಿಗೆ ಆಡಿಸಿದರೂ ತಿಳಿಯದಂತಾಗುತ್ತದೆ. ಆ ಮರಗಟ್ಟುವಿಕೆ ಕೆಲವು ಗಂಟೆಗಳಲ್ಲಿ ಹೋಯಿತು, ಆದರೆ ನೋವಿನ ಬಿಡುವು ವಾರಗಟ್ಟಲೆ ಉಳಿಯಿತು. ಬೆಳಕಿಗೆ ಹೆದರಿ ಕಿಟಕಿ ಮುಚ್ಚಿಕೊಂಡು ಬದುಕಿದವರಿಗೆ ಇಂಥ ಬಿಡುವಿನ ಬೆಲೆ ಎಷ್ಟೆಂದು ನಾನು ವಿವರಿಸಬೇಕಾಗಿಲ್ಲ. ಮದ್ದಿಗೆ ಸ್ಟಿರಾಯ್ಡ್ ಸೇರಿಸುವುದಾದರೆ ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಚುಚ್ಚಿದ ಜಾಗದಲ್ಲಿ ಕೂದಲು ಉದುರಬಹುದು, ಮಧುಮೇಹವಿದ್ದವರಿಗೆ ಸಕ್ಕರೆ ಏರಬಹುದು.

ಕತ್ತಿನ ನರಕ್ಕೆ ಮದ್ದು ಕೊಟ್ಟರೆ ಕಣ್ಣಿನ ಮೇಲಿನ ನೋವು ಇಳಿಯುವುದೇಕೆ? ಮುಖ ಮತ್ತು ಹಣೆಯ ಸಂವೇದನೆಯನ್ನು ಒಯ್ಯುವ ನರವೂ ಕತ್ತಿನ ಮೇಲಿನ ಮೂರು ನರಗಳೂ ಮಿದುಳಿನ ಕಾಂಡ ಬೆನ್ನುಹುರಿಯನ್ನು ಸೇರುವ ಎಡೆಯಲ್ಲಿ ಒಂದೇ ನರಕೋಶಗಳ ಗುಂಪಿಗೆ ಸುದ್ದಿ ಮುಟ್ಟಿಸುತ್ತವೆ. ಹಾಗಾಗಿ ಕತ್ತಿನ ತೊಂದರೆ ಕಣ್ಣಿನ ನೋವಾಗಿ ಕಾಣಬಹುದು. ಮೈಗ್ರೇನ್ ಕೂಡ ಕತ್ತಿನ ಸೆಳೆತವಾಗಿ ಕಾಣಬಹುದು. ಕತ್ತಿನಿಂದಲೇ ಹುಟ್ಟುವ ತಲೆನೋವನ್ನು ನಾರ್ವೆಯ ನರವೈದ್ಯ ಒಟ್ಟಾರ್ ಸ್ಯೋಸ್ತಾದ್ 1983ರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಹೆಸರಿಸಿದರು. ಆದರೆ ಹಿಂದಲೆಯ ನರದ ಚುಚ್ಚುಮದ್ದು ಮೈಗ್ರೇನ್‌ನಲ್ಲೂ ಫಲ ಕೊಡುವುದರಿಂದ, ನೋವು ಇಳಿದ ಮಾತ್ರಕ್ಕೆ ಕತ್ತಿನಲ್ಲಿ ನರ ಸಿಕ್ಕಿಹಾಕಿಕೊಂಡಿದೆ ಎಂದು ಹೇಳಲಾಗದು.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ವೈದ್ಯರ ಕೋಣೆಯಿಂದ ಹೊರಬಂದ ಕೂಡಲೇ ಸಲಹಾ ವಿಭಾಗದವರು ‘ನರದಲ್ಲೇ ದೋಷವಿರುವುದು ಸಾಬೀತಾಯಿತು’ ಎಂದು ಹೇಳಿ, ರೇಡಿಯೋ ತರಂಗಗಳ ಶಾಖದಿಂದ ನರವನ್ನು ಸುಡುವ ಚಿಕಿತ್ಸೆಯ ಪ್ಯಾಕೇಜನ್ನು ಮುಂದಿಟ್ಟರು. ಸುಟ್ಟ ನರ ಮತ್ತೆ ಬೆಳೆಯುತ್ತದೆ, ನೋವು ತಿಂಗಳುಗಳ ನಂತರ ಮರಳಬಹುದು ಎಂಬುದನ್ನು ಯಾರೂ ಹೇಳಲಿಲ್ಲ. ನರದ ಮೇಲಿನ ಒತ್ತಡವನ್ನು ಶಸ್ತ್ರಕ್ರಿಯೆಯಿಂದ ಬಿಡಿಸುವ ಮಾರ್ಗವೂ ಇದೆ. ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯ ಬಹ್ಮನ್ ಗುಯುರಾನ್ ಅದನ್ನು ಬೆಳೆಸಿದವರು. ಅದರ ಬಗ್ಗೆ ನರವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ನೋವಿನಿಂದ ಹಣ್ಣಾದ ಮನುಷ್ಯ ಎಷ್ಟು ಹಣವನ್ನಾದರೂ ಕಟ್ಟಲು ಒಪ್ಪುತ್ತಾನೆ. ಆ ಹೊತ್ತಿನಲ್ಲಿ ಅವನ ಮುಂದೆ ದರಪಟ್ಟಿ ಇಡುವುದು ನನಗೆ ಅನ್ಯಾಯವಾಗಿ ಕಂಡಿತು.

ಆ ಚಿಕಿತ್ಸಾಲಯದಲ್ಲಿ ಹಣಕ್ಕೆ ಅತ್ಯಂತ ಹೆಚ್ಚು ಬೆಲೆ ಸಿಕ್ಕಿದ್ದು ಫಿಸಿಯೋಥೆರಪಿಯಲ್ಲಿ. ಗದ್ದವನ್ನು ನಿಧಾನವಾಗಿ ಒಳಕ್ಕೆಳೆದು ಕತ್ತಿನ ಮುಂಭಾಗದ ಆಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಲ್ಲಿನ ತಜ್ಞೆ ಬೇಸರಪಡದೆ, ತಪ್ಪಿದಾಗಲೆಲ್ಲ ತಿದ್ದಿ ಕಲಿಸಿದರು. ಚುಚ್ಚುಮದ್ದಿನ ಬಿಡುವು ಸಿಕ್ಕ ವಾರಗಳಲ್ಲಿ ಅದನ್ನು ರೂಢಿಸಿಕೊಂಡದ್ದರಿಂದ ನಂತರ ಬಂದ ನೋವುಗಳು ಮೊದಲಿನಷ್ಟು ತೀವ್ರವಾಗಿರಲಿಲ್ಲ. ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ಲಟಿಕೆ ತೆಗೆಸಿಕೊಳ್ಳುವವರಿಗೆ ಅವರು ಕೊಟ್ಟ ಎಚ್ಚರಿಕೆಯನ್ನೂ ಇಲ್ಲಿ ದಾಖಲಿಸುತ್ತೇನೆ: ಹಠಾತ್ತನೆ ಕತ್ತು ತಿರುಚಿದರೆ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು.

ಹೋಗುವವರು ಮೊದಲು ನರವೈದ್ಯರೊಬ್ಬರಿಂದ ರೋಗನಿರ್ಣಯ ಮಾಡಿಸಿಕೊಳ್ಳುವುದು ಒಳಿತು. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್‌ನಂಥ ತಡೆಮದ್ದುಗಳೂ, ದೀರ್ಘಕಾಲದ ಮೈಗ್ರೇನ್‌ಗೆ ಸುಮಾರು 12 ವಾರಗಳಿಗೊಮ್ಮೆ ಕೊಡುವ ಬೊಟಾಕ್ಸ್ ಚುಚ್ಚುಮದ್ದು ಕೂಡ ಇರುವಾಗ, ಅವುಗಳ ಚರ್ಚೆಯೇ ಆಗದೆ ನರ ಸುಡಿಸಿಕೊಳ್ಳಲು ಮುಂಗಡ ಕಟ್ಟಬೇಡಿ. ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿದ್ದರೆ ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ವೈದ್ಯರಿಗೆ ತಿಳಿಸಿ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದೊಡನೆ ಕತ್ತು ಬಿಗಿಯುವುದು, ಮಾತು ತೊದಲುವುದು ಅಥವಾ ಕೈಕಾಲು ಬಲಗುಂದುವುದು ಕಂಡರೆ ಇಂಥ ಚಿಕಿತ್ಸಾಲಯದ ಸರದಿಗೆ ಕಾಯದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.