ಸಂಜೆ ಐದಕ್ಕೆ ಬರುವ ಪಿಗ್ಮಿ: ಒಂದು ವರ್ಷ ತುಂಬಿಸಿದವಳ ಅನುಭವ

ಬೆಟಗೇರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಎರಡು ಹೊಲಿಗೆ ಮಷಿನ್, ಒಂದು ಪಿಕೋ ಮಷಿನ್, ಕೆಲಸ ಕಲಿಯುವ ಒಬ್ಬ ಹುಡುಗಿ. ನಮ್ಮ ಓಣಿಯ ಪತ್ತಿನ ಸೊಸೈಟಿಯಲ್ಲಿ ಪಿಗ್ಮಿ, ಅಂದರೆ ಸೊಸೈಟಿಯವರು ದಿನಾ ಅಂಗಡಿಗೇ ಬಂದು ಒಯ್ಯುವ ಸಣ್ಣ ಉಳಿತಾಯ, ಹಚ್ಚಿ ಈ ಯುಗಾದಿಗೆ ಒಂದು ವರ್ಷವಾಯಿತು. ರೊಕ್ಕ ಉಳಿಸಬೇಕೆಂದು ಪ್ರತಿ ಯುಗಾದಿಗೆ ಮನಸ್ಸು ಮಾಡಿ ಶ್ರಾವಣದೊಳಗೆ ಕೈಬಿಡುವವರು ನನ್ನ ಹಾಗೆ ಬಹಳ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಣ್ಣಿನ ಹುಂಡಿ ತಂದಿದ್ದೆ. ಪಂಚಮಿಗೆ ನಾದಿನಿ ಬಂದಾಗ ಸೀರೆ ಕೊಡಿಸಲು ಅದನ್ನು ಒಡೆದೆ. ಆಮೇಲೆ ಬ್ಯಾಂಕಿನಲ್ಲಿ ತಿಂಗಳಿಗೆ ಸಾವಿರದ ಆರ್‌ಡಿ (ತಿಂಗಳ ಕಂತಿನ ಠೇವಣಿ) ಮಾಡಿಸಿದೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಬ್ಲೌಸು ಹೊಲಿಸುವವರೂ ಕಡಿಮೆ. ಖಾತೆಯಲ್ಲಿ ರೊಕ್ಕ ಇಲ್ಲದೆ ಎರಡು ಕಂತು ತಪ್ಪಿದವು, ದಂಡ ಬಿತ್ತು, ಬೇಸರವಾಗಿ ಮುರಿಸಿಬಿಟ್ಟೆ. ನೆನಪು ಮಾಡುವ ಮೊಬೈಲ್ ಆ್ಯಪ್ ಕೂಡ ಹಾಕಿಕೊಂಡಿದ್ದೆ. ಅದು ಎರಡು ವಾರ ನಡೆಯಿತು.

ಪಿಗ್ಮಿಯ ಅಣ್ಣಾರು ಮೊದಲ ದಿನ ಬಂದಾಗ "ದಿನಕ್ಕ ನೂರು ಬರೀರಿ" ಅಂದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು: "ಆಷಾಢದಾಗ ನಿಮಗ ದಿನಕ್ಕ ಎಷ್ಟ ಬರತೈತ್ರಿ ಅಕ್ಕಾರ? ಅದನ್ನ ನೋಡಿ ಹೇಳ್ರಿ." ಲೆಕ್ಕ ಹಾಕಿ ಐವತ್ತು ಅಂದೆ. ಈ ಸೇವೆಯಲ್ಲಿ ನನಗೆ ಸಿಕ್ಕ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ಒಂದು ಪ್ರಶ್ನೆ. ಅಲ್ಲಿಯವರೆಗೆ ನಾನು ಕೈತುಂಬ ಕೆಲಸ ಇದ್ದ ದಿನವೇ ಶಪಥ ಮಾಡುತ್ತಿದ್ದೆ. ಅದನ್ನು ಖಾಲಿ ದಿನದಲ್ಲೂ ನಡೆಸಬೇಕೆಂಬುದು ತಲೆಗೆ ಬಂದೇ ಇರಲಿಲ್ಲ.

ನಡೆಯುವ ರೀತಿ ಸರಳ. ಭಾನುವಾರ, ಹಬ್ಬ ಬಿಟ್ಟು ದಿನಾ ಐದರ ಸುಮಾರಿಗೆ ಗಾಡಿ ನಿಲ್ಲುತ್ತದೆ. "ಅಕ್ಕಾರ, ಪಿಗ್ಮಿ" ಅನ್ನುತ್ತಾರೆ, ರೊಕ್ಕ ಎಣಿಸಿಕೊಳ್ಳುತ್ತಾರೆ, ಕೈಯಲ್ಲಿನ ಸಣ್ಣ ಮಷಿನ್ನಿನಿಂದ ಚೀಟಿ ಹರಿದು ಕೊಡುತ್ತಾರೆ. ಫೋನಿಗೆ ಮೆಸೇಜು ಬರುತ್ತದೆ. ಒಂದು ನಿಮಿಷದ ಕೆಲಸ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಇದನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತಂತೆ. ಟಿ.ಎಂ.ಎ. ಪೈ ಅವರ ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಆದರೆ ಪಿಗ್ಮಿ ಅನ್ನುವ ಹೆಸರು ನಮ್ಮ ಓಣಿ ಓಣಿಯಲ್ಲೂ ಉಳಿದಿದೆ. ಸೊಸೈಟಿ ಅನ್ನುವುದಂತೂ ನಮ್ಮ ಮಣ್ಣಿನದೇ. ಇಲ್ಲೇ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ಕಟ್ಟಿದ್ದರು.

ಯಾವುದೇ ರೂಢಿ ಬೀಳಲು 21 ದಿನ ಸಾಕು ಅಂತ ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಆ ಮಾತಿನ ಬೇರು ಹುಡುಕಿದರೆ ಸಿಗುವುದು 1960ರಲ್ಲಿ ಬರೆದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಆಪರೇಶನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂಬುದು ಅವರು ಕಂಡದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬಂದಿತ್ತು. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಹಿಡಿಯುವ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಕೆಡುವುದಿಲ್ಲ ಎಂದೂ ಅದರಲ್ಲಿದೆ.

ನನ್ನ ಲೆಕ್ಕ ನನ್ನ ಚೀಟಿಗಳಲ್ಲೇ ಇದೆ. ನೂರಾ ನಾಲ್ಕನೇ ಚೀಟಿಯ ದಿನ, ಶ್ರಾವಣದ ಮಳೆ ಜೋರಾಗಿತ್ತು, ಅಣ್ಣಾರು ಆರೂವರೆಯಾದರೂ ಬರಲಿಲ್ಲ. ಗುಂಡಿ ಡಬ್ಬಿ ಎತ್ತಿದರೆ ಅದರ ಕೆಳಗೆ ಐವತ್ತರ ನೋಟು ಮಡಚಿ ಇತ್ತು. ಇಟ್ಟವಳು ನಾನೇ, ಇಟ್ಟದ್ದು ಮಾತ್ರ ನೆನಪಿಲ್ಲ. ಅವತ್ತು ಬಹಳ ಸಂತೋಷವಾಯಿತು.

ಅದಕ್ಕೂ ಮುಂಚೆ ಅತ್ತೆ ದವಾಖಾನೆಯಲ್ಲಿದ್ದಾಗ ನಾಲ್ಕು ದಿನ ಅಂಗಡಿಯೇ ತೆರೆದಿರಲಿಲ್ಲ. ಐದನೇ ದಿನ ಇನ್ನೂರೈವತ್ತು ಎಲ್ಲಿಂದ ತರಲಿ ಅಂತ ಮುಖ ಸಣ್ಣದು ಮಾಡಿ ನಿಂತಿದ್ದೆ. "ಹಿಂದಿಂದ ಬಿಡ್ರಿ, ಇವತ್ತಿಂದ ಕೊಡ್ರಿ" ಅಂದರು ಅಣ್ಣಾರು. ಆರ್‌ಡಿ ಮುರಿಸಿದ್ದು ಯಾಕೆ, ಪಿಗ್ಮಿ ಉಳಿದದ್ದು ಯಾಕೆ ಅಂತ ಯಾರಾದರೂ ಕೇಳಿದರೆ ಈ ಮಾತನ್ನೇ ಹೇಳುತ್ತೇನೆ. ಬಾಕಿ ಬೆಳೆಯುತ್ತಾ ಹೋದರೆ ಮನುಷ್ಯ ಬಾಗಿಲು ಹಾಕಿಕೊಳ್ಳುತ್ತಾನೆ.

ಕೊರತೆಗಳನ್ನೂ ಹೇಳಲೇಬೇಕು. ಬಡ್ಡಿ ಶೇ. 3 ಮಾತ್ರ. ಆರು ತಿಂಗಳೊಳಗೆ ಮುರಿಸಿದರೆ ಬಡ್ಡಿ ಇಲ್ಲ, ಮೇಲೆ ಶೇ. 3 ಕಡಿತ. ದೀಪಾವಳಿ ಮುಗಿದ ಮೇಲೆ ಅಣ್ಣಾರ ಮನೆಯಲ್ಲಿ ಅಡಚಣೆಯಾಗಿ ಒಂಬತ್ತು ದಿನ ಬರಲಿಲ್ಲ, ಸೊಸೈಟಿಯವರು ಬದಲಿ ಯಾರನ್ನೂ ಕಳಿಸಲಿಲ್ಲ. ನಾನು ದಿನಾ ಡಬ್ಬಿಯ ಕೆಳಗೆ ಇಡುತ್ತಾ ಹೋಗಿ ನಾನೂರೈವತ್ತು ಒಟ್ಟಿಗೆ ಕೊಟ್ಟೆ. ಮೊದಲ ತಿಂಗಳಲ್ಲೇ ಹೀಗಾಗಿದ್ದರೆ ಆ ರೊಕ್ಕ ಸಂತೆಗೆ ಹೋಗಿರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಮಾತು: ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸೊಸೈಟಿಗಳಿಗೆ ಆ ವಿಮೆ ಇಲ್ಲ. ಆದ್ದರಿಂದ ನಾನು ಅಲ್ಲಿ ಒಂದು ವರ್ಷದ ಪಿಗ್ಮಿ ಬಿಟ್ಟು ಬೇರೇನೂ ಇಡುವುದಿಲ್ಲ. ಚೀಟಿ, ಮೆಸೇಜು ಎರಡೂ ಬಂದ ಮೇಲೇ ಅವರನ್ನು ಕಳಿಸಬೇಕು, ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಸಬೇಕು. ಅಣ್ಣಾರು ಎಷ್ಟೇ ಒಳ್ಳೆಯವರಿರಲಿ, ಇದನ್ನು ಬಿಡಬೇಡಿ.

ವರ್ಷಕ್ಕೆ 286 ದಿನದ್ದು ತುಂಬಿದ್ದೆ. 14,300 ರೂಪಾಯಿ. ಬಡ್ಡಿ ಸೇರಿ ಹದಿನಾಲ್ಕೂವರೆ ಸಾವಿರ ದಾಟಿತು. ಹತ್ತು ಸಾವಿರ ಅಂಚೆ ಕಚೇರಿಯಲ್ಲಿ ಠೇವಣಿ ಇಟ್ಟೆ, ಉಳಿದದ್ದರಲ್ಲಿ ಹಳೆಯ ಕಾಲುಮಷಿನ್ನಿಗೆ ಮೋಟಾರು ಕೂಡಿಸಿದೆ.

ಇನ್ನೊಂದು ರೂಢಿ ಇದರ ಬೆನ್ನಿಗೇ ಬಂತು. ಚೀಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ, ಅದರ ಕೆಳಗೆ ಅವತ್ತಿನ ಗಳಿಕೆ ಬರೆಯತೊಡಗಿದೆ. ಲೆಕ್ಕ ಬರೆಯಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡದ್ದು, ಬರೆಯುವ ಹೊತ್ತು ಯಾವುದೆಂದು ಗೊತ್ತಿರಲಿಲ್ಲ. ಈಗ ಐದು ಗಂಟೆ ಅಂದರೆ ಅದೇ ಹೊತ್ತು. ಬರೆದ ಮೇಲೆಯೇ ಕಂಡದ್ದು, ಬ್ಲೌಸು ಬಿಗಿ ಮಾಡಿಕೊಡು, ಸಡಿಲ ಮಾಡಿಕೊಡು ಅಂದವರಿಗೆ ಪುಕ್ಕಟೆ ಮಾಡಿಕೊಟ್ಟ ಕೆಲಸಕ್ಕೇ ವಾರದಲ್ಲಿ ಅರ್ಧ ದಿನ ಹೋಗುತ್ತಿತ್ತು. ಈಗ ಅದಕ್ಕೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಬದಲಿ ಜನ ಇಟ್ಟಿದ್ದರೆ ಇನ್ನರ್ಧ ಸೇರಿಸುತ್ತಿದ್ದೆ.

ಯುಗಾದಿಯ ಮರುದಿನ ಹೊಸ ಖಾತೆಯ ಫಾರ್ಮು ಹಿಡಿದು ಅಣ್ಣಾರು ಬಂದರು. "ಈ ಸಲ ಎಷ್ಟ ಬರೀಲ್ರಿ?" ನೋಟ್‌ಬುಕ್ ತೆಗೆದು ಹೋದ ಆಷಾಢದ ಹಾಳೆಗಳನ್ನು ನೋಡಿದೆ. ಅರವತ್ತು ಅಂದೆ. ಕಾಜಾ ಮಾಡುತ್ತಾ ಕೂತಿದ್ದ ಹುಡುಗಿ ತಲೆ ಎತ್ತಿ, "ಅಣ್ಣಾರ, ಹತ್ತ ರೂಪಾಯಿದೂ ಹಚ್ಚಕೋತೀರೇನ್ರಿ?" ಅಂದಳು.

"ಹಚ್ಚಕೋತೀನವಾ. ನಾಳೆ ಆಧಾರ್ ಜೆರಾಕ್ಸ್, ಎರಡ ಫೋಟೋ ತಗೊಂಡ ಬಾ."