ತುಕಡಿ ತಿರುಗುವಾಗ ಟೇಪ್ ಎಲ್ಲಿ ಹಿಡಿಯಬೇಕು?

ಐತಿಹಾಸಿಕ ವಾರ್‌ಗೇಮ್‌ನ (ಗೊಂಬೆ ಸೈನಿಕರನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದಾಟದ) ನಿಯಮದಲ್ಲಿ 'ತುಕಡಿ ನಡೆಯುತ್ತಲೇ ತಿರುಗಬಹುದು' ಎಂದಷ್ಟೇ ಇದ್ದರೆ ಮೇಜಿನ ಸುತ್ತ ವಾದ ಶುರುವಾಗುತ್ತದೆ. ಯಾವ ಮೂಲೆಯಿಂದ ಅಳೆಯಬೇಕು? ಬಾಗಿದ ದಾರಿಯನ್ನೋ, ನೇರ ಗೆರೆಯನ್ನೋ? 40 ಮಿ.ಮೀ. ಅಗಲ, 30 ಮಿ.ಮೀ. ಆಳದ ನಾಲ್ಕು ಬೇಸ್‌ಗಳನ್ನು (ಗೊಂಬೆಗಳನ್ನು ನಿಲ್ಲಿಸಿದ ತಟ್ಟೆಗಳನ್ನು) ಅಗಲಕ್ಕೆ ಒಂದೇ ಸಾಲಿನಲ್ಲಿಟ್ಟು, ಒಂದು ಸರದಿಗೆ 200 ಮಿ.ಮೀ. ನಡಿಗೆ ಎಂದಿಟ್ಟುಕೊಂಡು, ನಾಲ್ಕು ರೀತಿಯಲ್ಲಿ ತಿರುಗಿಸಿ ನೋಡಿದ ಲೆಕ್ಕ ಇದು.

ನಡುಮಧ್ಯದ ಮೇಲೆ ಪುಕ್ಕಟೆಯಾಗಿ ತಿರುಗಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. 90 ಡಿಗ್ರಿ ತಿರುಗಿದ ತುಕಡಿಯ ಮಗ್ಗುಲು ಮೊದಲಿದ್ದ ಮುಂಸಾಲಿಗಿಂತ 65 ಮಿ.ಮೀ. ಮುಂದೆ ಹೋಗಿ ನಿಲ್ಲುತ್ತದೆ. ಒಂದು ಹೆಜ್ಜೆಯನ್ನೂ ಲೆಕ್ಕಕ್ಕಿಡದೆ ಶತ್ರುವನ್ನು ಮುಟ್ಟಿಬಿಡಬಹುದು.

45 ಡಿಗ್ರಿಗೆ ನಡಿಗೆಯ ಕಾಲುಭಾಗ, ಅಂದರೆ 50 ಮಿ.ಮೀ., ಎಂಬ ನಿಗದಿತ ದರ ಆಟವನ್ನು ಬೇಗ ಸಾಗಿಸುತ್ತದೆ. ಆದರೆ ಮುಂಸಾಲಿನ ಒಂದು ಮೂಲೆ (ಒಳಮೂಲೆ) ಕದಲದೆ, ಇನ್ನೊಂದು ಮೂಲೆ (ಹೊರಮೂಲೆ) ಸುತ್ತಿ ಬಂದು ಅಷ್ಟು ತಿರುಗಲು, ಬೇಸ್‌ಗಳು ಒಂದರ ಹಿಂದೊಂದು ನಿಂತ, ಒಂದು ಬೇಸ್ ಅಗಲದ ಕಾಲಂನ ಹೊರಮೂಲೆ ನಡೆಯುವುದು 31 ಮಿ.ಮೀ., ನಾಲ್ಕು ಬೇಸ್ ಸಾಲಿನದು 126. ಕಾಲಂಗೆ ದಂಡ, ಉದ್ದ ಸಾಲಿಗೆ ಬಳುವಳಿ. ಉದ್ದ ಸಾಲನ್ನು ತಿರುಗಿಸುವುದು ನಿಜವಾದ ರಣರಂಗದಲ್ಲಿ ಎಷ್ಟು ಕಷ್ಟವಿತ್ತೋ ಅದು ಇಲ್ಲಿ ಮಾಯವಾಗುತ್ತದೆ.

ಹೊರಮೂಲೆ ಸಾಗಿದ ಬಾಗಿದ ದಾರಿಯನ್ನೇ ಅಳೆದರೆ ನ್ಯಾಯ ಪೂರ್ತಿ ಸಿಗುತ್ತದೆ: 90 ಡಿಗ್ರಿಗೆ 251 ಮಿ.ಮೀ., ಅಂದರೆ ಒಂದೇ ಸರದಿಯಲ್ಲಿ ಆಗದ ಮಾತು. ತೊಡಕಿರುವುದು ಕೈಯಲ್ಲಿ. ಉಕ್ಕಿನ ಟೇಪ್ ಪಕ್ಕಕ್ಕೆ ಬಾಗುವುದಿಲ್ಲ, ಬಾಗಿಸಲು ಹೋದರೆ ಜಾರಿ ಗೊಂಬೆಗಳ ಈಟಿಗೆ ತಗಲುತ್ತದೆ.

ಹೊರಮೂಲೆ ಇದ್ದ ಜಾಗದಿಂದ ನಿಂತ ಜಾಗಕ್ಕೆ ನೇರವಾಗಿ ಅಳೆದರೆ 90 ಡಿಗ್ರಿಗೆ 226 ಮಿ.ಮೀ. ಬರುತ್ತದೆ. 25 ಮಿ.ಮೀ. ಉಳಿತಾಯ, ಅದು ಸಣ್ಣದಲ್ಲ. 45 ಡಿಗ್ರಿಗೆ ಮಾತ್ರ ವ್ಯತ್ಯಾಸ ಸುಮಾರು 3 ಮಿ.ಮೀ. ಆದ್ದರಿಂದ ನಮ್ಮ ಆಯ್ಕೆ ಇದೇ, ಒಂದು ಷರತ್ತಿನೊಂದಿಗೆ: ಒಮ್ಮೆಗೆ 45 ಡಿಗ್ರಿ ಮೀರಬಾರದು. ಹೆಚ್ಚು ತಿರುಗಬೇಕಾದರೆ ತುಂಡು ಮಾಡಿ, ಪ್ರತಿ ತುಂಡನ್ನೂ ಬೇರೆ ಅಳೆದು ಕೂಡಿಸಿ.

ಅಳೆಯುವಾಗ ಒಳಮೂಲೆಗೆ ಒಂದು ದಾಳ ಒತ್ತಿ ಹಿಡಿಯಿರಿ. ಆ ಮೂಲೆ ಸರಿದರೆ ಇಡೀ ಲೆಕ್ಕ ಕೆಡುತ್ತದೆ. ಹೊರಮೂಲೆ ಮೊದಲಿದ್ದ ಜಾಗದಲ್ಲಿ ಇನ್ನೊಂದು ದಾಳವಿಡಿ. 45 ಡಿಗ್ರಿಗೆ ಸುಮಾರು 122 ಕಳೆದು ಉಳಿದ 78 ಮಿ.ಮೀ. ಮುನ್ನಡೆಯನ್ನೂ ಅದೇ ಹೊರಮೂಲೆಯಿಂದ, ಮುಂಸಾಲಿನಿಂದ ಮುಂಸಾಲಿಗೇ ಅಳೆಯಬೇಕು. ಹಿಂಸಾಲಿನಿಂದ ಹೊಸ ಮುಂಸಾಲಿಗೆ ಅಳೆದವರು 30 ಮಿ.ಮೀ. ನಡಿಗೆ ಕಳೆದುಕೊಳ್ಳುತ್ತಾರೆ, ಮುಂಸಾಲಿನಿಂದ ಹಿಂಸಾಲಿಗೆ ಅಳೆದವರಿಗೆ ಅಷ್ಟೇ ಲಾಭ.

18ನೇ ಶತಮಾನದ ಕಾಳಗವಾದರೆ ಒಂದು ವಿನಾಯಿತಿ ಬರೆದಿಡಿ. ಆಗ ತೆರೆದ ಕಾಲಂನಲ್ಲಿ ಪ್ರತಿ ಪ್ಲಟೂನ್ (ತುಕಡಿಯ ಸಣ್ಣ ಭಾಗ) ತನ್ನ ಅಗಲದಷ್ಟು ಅಂತರ ಬಿಟ್ಟು ನಡೆದು, ಎಲ್ಲವೂ ಒಟ್ಟಿಗೆ 90 ಡಿಗ್ರಿ ತಿರುಗಿ ಸಾಲಾಗುತ್ತಿದ್ದವು. ಅಲ್ಲಿ ಪ್ರತಿ ಬೇಸ್ ಒಂದು ಪ್ಲಟೂನ್ ಎಂದಿಟ್ಟುಕೊಂಡರೆ, ಬಾಗಿದ ದಾರಿಯ ಲೆಕ್ಕದಲ್ಲಿ ಇಡೀ ಸಾಲಿನ 251 ಅಲ್ಲ, ಒಂದು ಬೇಸ್‌ನ 63 ಮಿ.ಮೀ. ಮಾತ್ರ ಕಳೆಯಬೇಕು.